ರಸಿಕನ ನಿಷ್ಠೆ ಮತ್ತು ನುಡಿಯ ಸೆಳೆತ

ಒಂದು ವಾದ್ಯವೃಂದವನ್ನು ಬಿಟ್ಟು ಮತ್ತೊಂದಕ್ಕೆ ಒಲಿಯುವ ರಸಿಕನನ್ನು ಚಂಚಲಚಿತ್ತನೆಂದು ಜರೆಯುವುದು ವಾಡಿಕೆ. ಕೇರಳದ ರಾಕ್ ಸಂಗೀತದ ಬೆಳವಣಿಗೆಯನ್ನು ಪರಿಶೀಲಿಸಿದರೆ ಈ ಆಕ್ಷೇಪಣೆ ನಿಲ್ಲಲಾರದು.

1977ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದ ‘13 ಎ.ಡಿ.’ ವೃಂದವು ಹಾಡಿದ್ದು ಇಂಗ್ಲಿಷಿನಲ್ಲಿ. ಅದೇ ನಗರದ ‘ಮದರ್‌ಜೇನ್’ 2008ರ ‘ಮಕ್ತೂಬ್’ನಲ್ಲಿ ಇಂಗ್ಲಿಷನ್ನು ಉಳಿಸಿಕೊಂಡರೂ, ಬೈಜು ಧರ್ಮಜನ್ ಅವರ ಗಿಟಾರಿನ ಮೂಲಕ ಕರ್ನಾಟಕ ಸಂಗೀತದ ಗಮಕಗಳನ್ನು ಅದಕ್ಕೆ ಬೆರೆಸಿತು. ತಿರುವನಂತಪುರದ ‘ಅವಿಯಲ್’ ಮಲಯಾಳದಲ್ಲಿಯೇ ಹಾಡಿತು. ಅದೇ ವರ್ಷದ ತನ್ನ ಧ್ವನಿಮುದ್ರಿಕೆಯಲ್ಲಿ ನಾರಾಯಣ ಗುರುಗಳ ಕುಂಡಲಿನಿಪ್ಪಾಟ್ಟನ್ನೂ ಅಳವಡಿಸಿಕೊಂಡಿತು. ಕೊಚ್ಚಿಯಿಂದ ತಂಪಾನೂರಿನ ನಿಲ್ದಾಣಕ್ಕೆ ರೈಲಿನಲ್ಲಿ ಕೆಲವೇ ಗಂಟೆಗಳ ಹಾದಿ. ಇಂಗ್ಲಿಷಿನಿಂದ ಮಲಯಾಳಕ್ಕೆ ಬರಲು ಸುಮಾರು ಮೂರು ದಶಕಗಳು ಬೇಕಾದವು.

ಈ ಹಾದಿಯನ್ನು ಕ್ರಮಿಸಿದ ರಸಿಕನ ನಿಷ್ಠೆ ಅಳಿಯಲಿಲ್ಲ. ಅದರ ನೆಲೆ ಬದಲಾಯಿತು. ಮೊದಲು ನಾದದ ಅಬ್ಬರಕ್ಕೆ ಮಣಿದವನು ಬಳಿಕ ಗಮಕಕ್ಕೆ ಸೋತನು. ಕೊನೆಗೆ ಪದದ ಅರ್ಥಕ್ಕೆ ಒಲಿದನು.

ಅಲ್ಲಿ ನೆಲಸಿದ ಕನ್ನಡಿಗನಿಗೆ ಇದು ಪರರ ಕಥೆಯಲ್ಲ. 2008ರಲ್ಲಿಯೇ ಹೊರಬಂದ ರಘು ದೀಕ್ಷಿತರ ‘ಅಂತರಾಗ್ನಿ’ಯು ಶಿಶುನಾಳ ಷರೀಫರ ತತ್ತ್ವಪದವನ್ನು ಗಿಟಾರಿಗೆ ಹೊಂದಿಸಿತು. ಗುರುಗಳ ಪದಕ್ಕೆ ಕಿವಿಗೊಟ್ಟವನಿಗೆ ಷರೀಫರ ಪದವು ಹೊಸತಾಗಿ ಕೇಳಿಸುವುದು ಸಹಜವೇ. ಆದರೆ ತನ್ನ ನುಡಿಯೆಂಬ ಒಂದೇ ಕಾರಣದಿಂದ ಮೆಚ್ಚಿದರೆ ಅದು ಅಭಿಮಾನವಾದೀತು, ವಿಮರ್ಶೆಯಾಗದು. ಹೊಸ ಹೊಂದಿಕೆಯಲ್ಲಿ ಪದ ಗೆದ್ದಿತೋ ವಾದ್ಯ ಗೆದ್ದಿತೋ ಎಂಬುದನ್ನು ಬಲ್ಲುದು, ಹಿಂದೆ ಇಂಗ್ಲಿಷ್ ರಾಕನ್ನು ಕೇಳಿ ಹದಗೊಂಡ ಕಿವಿಯೇ. ಹಳೆಯ ಒಲವನ್ನು ಹಳಿಯುವ ರಸಿಕನು ತನ್ನ ಅಳತೆಗೋಲನ್ನೇ ಮುರಿದುಕೊಳ್ಳುತ್ತಾನೆ.