ಆಲ್ಬಮ್ ಇಲ್ಲದ ಜೋಡಿ

ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಅದರ ಚಿತ್ರಗೀತೆ ಕಾರ್ಯಕ್ರಮ ಕೇಳಿಕೊಂಡು ಬೆಳೆದ ಶಿವಮೊಗ್ಗ ಸೀಮೆಯವರಿಗೆ ಉದ್ಘೋಷಕರ ಧಾಟಿ ಬಾಯಿಪಾಠ: ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು. ಆ ಸಾಲಿನಲ್ಲಿ ‘ಸಂಗೀತ ರಾಜನ್–ನಾಗೇಂದ್ರ’ ಎಂದು ಎಷ್ಟು ಸಲ ಬಂದುಹೋಗಿದೆಯೆಂದರೆ, ಅದು ಒಬ್ಬರದೇ ಹೆಸರು ಅಂದುಕೊಂಡವರೂ ಇದ್ದಾರು. ರೇಡಿಯೊ ಬಿಟ್ಟರೆ ಈ ಜೋಡಿಯ ಹೆಸರು ಜನರ ಕಿವಿಗೆ ಬಿದ್ದದ್ದು ಕಡಿಮೆ. ರೆಕಾರ್ಡಿನ ಹೊದಿಕೆಯ ಮೇಲೆ ರಾಜಕುಮಾರ್ ಇರುತ್ತಿದ್ದರು, ಕ್ಯಾಸೆಟ್ಟಿನ ಮೇಲೆ ಅನಂತನಾಗ್–ಲಕ್ಷ್ಮಿ. ಈಗ ಮೊಬೈಲಿನಲ್ಲಿ ಹುಡುಕಿದರೆ ಹಾಡು ಎಸ್ಪಿಬಿ ಲೆಕ್ಕಕ್ಕೆ ಜಮೆಯಾಗಿರುತ್ತದೆ.

ಸ್ವೀಡನ್ನಿನ ಪೆರ್ ಗೆಸ್ಲೆ ಮತ್ತು ಮರೀ ಫ್ರೆಡ್ರಿಕ್ಸನ್ ಕಟ್ಟಿದ ‘ರಾಕ್ಸೆಟ್’ ಎಂಬ ಪಾಪ್ ಜೋಡಿಯನ್ನು ಅಳೆಯುವುದು ಸುಲಭ. 1988ರ ‘ಲುಕ್ ಶಾರ್ಪ್’, 1991ರ ‘ಜಾಯ್‌ರೈಡ್’ ಹೀಗೆ ಅವರ ಆಲ್ಬಮ್‌ಗಳನ್ನು ಒಂದರ ಪಕ್ಕ ಒಂದಿಟ್ಟರೆ ಅವರು ಎಲ್ಲಿ ಬೆಳೆದರು, ಎಲ್ಲಿ ಹಳೆಯದನ್ನೇ ತಿರುವಿ ಹಾಕಿದರು ಎಂಬುದು ಗೊತ್ತಾಗುತ್ತದೆ. ಮೈಸೂರಿನ ಅಣ್ಣತಮ್ಮಂದಿರಾದ ರಾಜನ್–ನಾಗೇಂದ್ರರದು ಹಾಗಲ್ಲ. 1950ರ ದಶಕದ ಆರಂಭದಲ್ಲಿ ವಿಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ಯಿಂದ ಹೊರಟು ಕನ್ನಡ, ತೆಲುಗು ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ಕೊಟ್ಟರು. ಯಾವ ಹಾಡು ಎಲ್ಲಿ ಬರಬೇಕು, ಯಾರು ಹಾಡಬೇಕು, ಎಷ್ಟು ಹಾಡಿರಬೇಕು ಎಂಬುದರಲ್ಲಿ ಕಥೆ, ನಾಯಕ, ನಿರ್ಮಾಪಕ ಎಲ್ಲರದೂ ಕೈಯಿತ್ತು. ಹಾಗಾಗಿ ಇವರನ್ನು ‘ಸುಮಧುರ ಗೀತೆಗಳು’ ಎಂಬ ಸಂಕಲನಗಳಿಂದ ಅಳೆಯುವುದು ತಪ್ಪು. ಆರಿಸಿ ತೆಗೆದಿಟ್ಟರೆ ಯಾರ ಹಾಡೂ ಚೆಂದವೇ. ಚಿತ್ರ ಚಿತ್ರವಾಗಿ ಕೇಳಬೇಕು.

ಹಾಗೆ ಕೇಳಿದರೆ ಗಟ್ಟಿಯಾಗಿ ನಿಲ್ಲುವುದು ಹೆಚ್ಚುಕಡಿಮೆ 1973ರಿಂದ ಹತ್ತು ವರ್ಷ. ‘ಗಂಧದ ಗುಡಿ’ಯ (1973) ನಾಡಗೀತೆಯಂಥ ಆ ಹಾಡನ್ನೇ ತೆಗೆದುಕೊಳ್ಳಿ. ನವೆಂಬರ್ ಬಂತೆಂದರೆ ಶಿವಮೊಗ್ಗದ ನೆಹರೂ ರಸ್ತೆಯ ಮೈಕುಗಳಲ್ಲಿ ಅದು ತಪ್ಪುವುದಿಲ್ಲ. ನಾಡಿನ ಮೇಲಿನ ಹಾಡೆಂದರೆ ಕವಾಯತಿನ ತಾಳ, ಎದೆಯುಬ್ಬಿಸುವ ಕಹಳೆ ಎಂಬ ರೂಢಿಯನ್ನು ಅವರು ಬದಿಗಿಟ್ಟರು. ಅಲ್ಲಿರುವುದು ಕಾಡಿನ ದಾರಿಯಲ್ಲಿ ಹೊರಟವನ ಹುರುಪು. ಪಿ.ಬಿ. ಶ್ರೀನಿವಾಸ್ ಗಂಟಲು ಎತ್ತರಿಸುವುದೇ ಇಲ್ಲ. ಅಭಿಮಾನದ ಹಾಡನ್ನು ಇಷ್ಟು ಹಗುರವಾಗಿ ನಡೆಸಿದ್ದಕ್ಕೇ ಇರಬೇಕು, ಐವತ್ತು ವರ್ಷವಾದರೂ ಅದು ಹಳಸಿಲ್ಲ.

ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ 1974ರ ‘ಎರಡು ಕನಸು’. ವಾಣಿಯವರ ಕಾದಂಬರಿ, ದೊರೈ–ಭಗವಾನ್ ನಿರ್ದೇಶನ, ಚಿ. ಉದಯಶಂಕರ್ ಸಾಹಿತ್ಯ. ತಂತಿ ಮೀಟಿದ ಸದ್ದಿನಂಥ, ಅರ್ಥವಿಲ್ಲದ ಶಬ್ದಗಳಿಂದಲೇ ಪಲ್ಲವಿ ಎತ್ತಿಕೊಳ್ಳುವ ಯುಗಳಗೀತೆಯೂ ಅದರಲ್ಲಿದೆ, ನೋವನ್ನು ನುಂಗಿಕೊಂಡೇ ಹಾಡುವ ಗೀತೆಯೂ ಇದೆ. ಎರಡಕ್ಕೂ ಮನೆ ಒಂದೇ ಎಂಬುದು ಕೇಳುವವರಿಗೆ ತಿಳಿಯುತ್ತದೆ. ಮಾರನೆಯ ವರ್ಷ ಇದೇ ಕಥೆ ತೆಲುಗಿನಲ್ಲಿ ‘ಪೂಜ’ ಆದಾಗ ಮಟ್ಟುಗಳೂ ಅತ್ತ ಹೋದವು. ಅಲ್ಲಿ ಎಸ್ಪಿಬಿ ದನಿಯಲ್ಲಿ ಹಾಡು ಹೆಚ್ಚು ಬೆಳಗುತ್ತದೆ, ನಿಜ. ಆದರೆ ಆ ಬೆಳಕಿನಲ್ಲಿ ಪಿ.ಬಿ.ಎಸ್. ಅವರ ಸಂಕೋಚ ಕರಗಿಹೋಯಿತು. ಆ ಪ್ರೇಮಕಥೆಗೆ ಬೇಕಿದ್ದದ್ದು ಸಂಕೋಚವೇ.

‘ಬಯಲು ದಾರಿ’ (1976), ‘ಹೊಂಬಿಸಿಲು’ (1978), ‘ನಾ ನಿನ್ನ ಬಿಡಲಾರೆ’ (1979), ‘ಗಾಳಿಮಾತು’ (1981): ಈ ಸಾಲಿನಲ್ಲಿ ಜಾನಕಿ, ಎಸ್ಪಿಬಿ ಇಬ್ಬರನ್ನೂ ಅವರು ಬಳಸಿಕೊಂಡ ರೀತಿ ಬೇರೆಯೇ ಒಂದು ಲೇಖನದ ವಸ್ತು. ‘ನಾ ನಿನ್ನ ಬಿಡಲಾರೆ’ಯಂಥ ದೆವ್ವದ ಕಥೆಯ ಚಿತ್ರದಲ್ಲೂ ಇಂಪು ಬಿಡಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಕೊರತೆಗಳಿಲ್ಲವೆ? ಬೇಕಾದಷ್ಟಿವೆ. ಹಾಸ್ಯದ ಹಾಡುಗಳು, ಕ್ಲಬ್ ಡ್ಯಾನ್ಸುಗಳು ಬಹುಪಾಲು ಲೆಕ್ಕ ಭರ್ತಿಗೆ ಮಾಡಿದಂಥವು. ಎಂಬತ್ತರ ದಶಕಕ್ಕೆ ಬರುವಷ್ಟರಲ್ಲಿ ವಯಲಿನ್‌ಗಳ ಗುಂಪು ಏರುವುದು, ಕೊಳಲು ಉತ್ತರ ಕೊಡುವುದು, ಆಮೇಲೆ ಪಲ್ಲವಿ ಎಂಬುದು ಅಚ್ಚಾಗಿಬಿಟ್ಟಿತು. ನಾಯಕಿ ಬದಲಾದರೂ ಪೀಠಿಕೆ ಬದಲಾಗುತ್ತಿರಲಿಲ್ಲ. 1987ರಲ್ಲಿ ಹಂಸಲೇಖ ‘ಪ್ರೇಮಲೋಕ’ದಲ್ಲಿ ಮಾತನ್ನೇ ಹಾಡಾಗಿಸಿದಾಗ ಕಾಲೇಜು ಹುಡುಗರೆಲ್ಲ ಆ ಕಡೆ ವಾಲಿದರು. ಇಷ್ಟು ವರ್ಷ ಚಿತ್ರದ ಆಸರೆಯಲ್ಲೇ ಇದ್ದ ಜೋಡಿಯ ಬಳಿ ಅದಕ್ಕೆ ಉತ್ತರವಿರಲಿಲ್ಲ. ತಮ್ಮದೇ ಹೆಸರಿನ ಹಾಡಿನ ಗೊಂಚಲುಗಳನ್ನು ಜನರ ಕೈಗಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ನಮ್ಮ ಸಿನಿಮಾ ವ್ಯವಹಾರ ಅದಕ್ಕೆ ಜಾಗ ಬಿಡಲಿಲ್ಲ.

ಇನ್ನೊಂದು ಅನ್ಯಾಯವಿದೆ, ಅದಕ್ಕೆ ಕೇಳುಗರಾದ ನಾವೂ ಹೊಣೆ. ಈ ಜೋಡಿಯಲ್ಲಿ ಮಟ್ಟಿನ ಕಡೆ ಹೆಚ್ಚು ಒಲವಿದ್ದವರು ನಾಗೇಂದ್ರ, ವಾದ್ಯವೃಂದದ ಹೊಣೆ ಹೆಚ್ಚಾಗಿ ಅಣ್ಣ ರಾಜನ್ ಅವರದು. ಗಣಪತಿ ಕೂರಿಸಿದ ಕಡೆ ನಡೆಯುವ ರಸಮಂಜರಿಗೆ ಹೋಗಿ ನೋಡಿ. ಭದ್ರಾವತಿಯ ನ್ಯೂಟೌನ್ ಆಗಲಿ, ಪೇಪರ್ ಟೌನ್ ಆಗಲಿ, ಹಾಡುವ ಹುಡುಗಿ ಜಾನಕಿಯವರ ಗಮಕಗಳನ್ನು ಒಂದೂ ಬಿಡದೆ ಒಪ್ಪಿಸುತ್ತಾಳೆ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ನಡುವಿನ ವಾದ್ಯಭಾಗ ಬಂದಾಗ ಕೀಬೋರ್ಡಿನವನು ಒಂದೇ ಕೈಯಲ್ಲಿ ನಾಲ್ಕು ಸ್ವರ ಒತ್ತಿ ದಾಟಿಸಿಬಿಡುತ್ತಾನೆ. ಅವನನ್ನು ದೂರುವಂತಿಲ್ಲ, ಅಷ್ಟು ವಯಲಿನ್ ತರುವುದೆಲ್ಲಿಂದ? ಟಿವಿ ಸ್ಪರ್ಧೆಗಳಲ್ಲಂತೂ ಆ ಭಾಗಕ್ಕೇ ಮೊದಲು ಕತ್ತರಿ. ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರಲ್ಲಿ. ತಮ್ಮನ ಪಾಲು ಇಂದಿಗೂ ಗುನುಗುವವರ ಬಾಯಲ್ಲಿದೆ. ಅಣ್ಣನ ಪಾಲು ಬೇಕೆಂದರೆ ಮೂಲ ಧ್ವನಿಮುದ್ರಣಕ್ಕೇ ಹೋಗಬೇಕು. ಭದ್ರಾವತಿ ಕೇಂದ್ರದವರು ಕೋರಿಕೆಯ ಬಿಡಿಹಾಡುಗಳ ಜೊತೆಗೆ ತಿಂಗಳಿಗೊಮ್ಮೆಯಾದರೂ ಒಂದು ಚಿತ್ರದ ಅಷ್ಟೂ ಹಾಡುಗಳನ್ನು, ಸಪ್ಪೆಯಾದವನ್ನೂ ಸೇರಿಸಿ, ಸಾಲಾಗಿ ಹಾಕಿದರೆ ಒಳ್ಳೆಯದು. ‘ಎರಡು ಕನಸು’ ಚಿತ್ರದಿಂದಲೇ ಶುರುಮಾಡಲಿ.