ಸಲಾಮಾ ಮೂಸಾ ಕಂಡ ಎರಡು ಯೂರೋಪುಗಳು

ಈಜಿಪ್ಟಿನ ಪತ್ರಿಕಾಕರ್ತ ಸಲಾಮಾ ಮೂಸಾ 1947ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ‘ಸಲಾಮಾ ಮೂಸಾನ ಶಿಕ್ಷಣ’ ಎಂದು ಹೆಸರಿಟ್ಟ. ಅರುವತ್ತರ ಮನುಷ್ಯ ತನ್ನ ಬಾಳನ್ನೆಲ್ಲ ವಿದ್ಯಾಭ್ಯಾಸವೆಂದು ಕರೆದುಕೊಂಡದ್ದರಲ್ಲಿ ವಿನಯವೂ ಉಂಟು, ಕೊಂಚ ಗರ್ವವೂ ಉಂಟು.

1887ರಲ್ಲಿ ಝಗಾಝಿಗ್ ಊರಿನ ಬಳಿ ಕಾಪ್ಟಿಕ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಈತ, ಇಪ್ಪತ್ತರ ಪ್ರಾಯದಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿಯ ಜನ ಫೇರೋಗಳ ವಿಚಾರ ಕೇಳಿದರೆ ಹೇಳಲು ಈತನಲ್ಲಿ ಏನೂ ಇರಲಿಲ್ಲ. ಬ್ರಿಟಿಷರ ಹಿಡಿತದಲ್ಲಿದ್ದ ಶಾಲೆ ಅದನ್ನು ಕಲಿಸಿರಲಿಲ್ಲ. ತನ್ನ ನಾಡಿನ ಹಿರಿಮೆಯನ್ನು ಪರನಾಡಿನಲ್ಲಿ, ಅದೂ ನಾಚಿಕೆಯ ಮೂಲಕ, ಅರಿಯಬೇಕಾಗಿ ಬಂದ ಕಥೆ ಭಾರತದ ಓದುಗರಿಗೆ ಹೊಸತೆನಿಸದು.

1906ರಲ್ಲಿ ದೆನ್‌ಶವಾಯ್ ಎಂಬ ಹಳ್ಳಿಯಲ್ಲಿ ಬ್ರಿಟಿಷ್ ಅಧಿಕಾರಿಗಳು ರೈತರು ಸಾಕಿದ ಪಾರಿವಾಳಗಳನ್ನು ಬೇಟೆಯಾಡಿ ಜಗಳ ತಂದುಕೊಂಡರು. ಓರ್ವ ಅಧಿಕಾರಿ ಸತ್ತ. ನಾಲ್ವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು. ಆ ಕಿಚ್ಚನ್ನು ಎದೆಯಲ್ಲಿಟ್ಟುಕೊಂಡೇ ಮೂಸಾ ಲಂಡನ್ನಿಗೆ ಹೋದ. ಅಲ್ಲಿ ದೆನ್‌ಶವಾಯ್ ಕ್ರೌರ್ಯವನ್ನು ಖಂಡಿಸಿ ಬರೆದಿದ್ದ ಬರ್ನಾರ್ಡ್ ಷಾ ಇದ್ದ, ಫೇಬಿಯನ್ ಸಂಘವಿತ್ತು. ಗಲ್ಲಿಗೇರಿಸಿದ ಯೂರೋಪು ಒಂದು, ಅದನ್ನು ಖಂಡಿಸಿದ ಯೂರೋಪು ಇನ್ನೊಂದು. ಮೂಸಾನ ಬರಹವನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಭೇದವೇ ಕೀಲಿಕೈ. 1913ರಲ್ಲಿ ಸಮಾಜವಾದವನ್ನು ಕುರಿತ ಕಿರುಹೊತ್ತಗೆ ಬರೆದ. 1929ರಲ್ಲಿ ‘ಅಲ್-ಮಜಲ್ಲಾ ಅಲ್-ಜದೀದಾ’ ಎಂಬ ಪತ್ರಿಕೆ ತೆಗೆದ. ಡಾರ್ವಿನ್, ಫ್ರಾಯ್ಡ್, ಸ್ತ್ರೀಸ್ವಾತಂತ್ರ್ಯ, ಮತಧರ್ಮ ರಾಜ್ಯಾಡಳಿತದಿಂದ ದೂರವಿರಬೇಕೆಂಬ ವಾದ, ಎಲ್ಲವನ್ನೂ ಪತ್ರಿಕೆ ಓದುವ ಸಾಮಾನ್ಯನ ಮುಂದಿಟ್ಟ.

ಆದರೆ ಒಲಿದ ಯೂರೋಪಿನ ಮೇಲೆ ಈತನಿಗಿದ್ದುದು ಕುರುಡು ಮೋಹ. ಈಜಿಪ್ಟು ಏಷ್ಯಕ್ಕೆ ಬೆನ್ನು ಹಾಕಿ ಯೂರೋಪನ್ನು ಸೇರಬೇಕೆಂದ. ಅರಬ್ಬಿಗೆ ಲ್ಯಾಟಿನ್ ಲಿಪಿಯಾಗಬೇಕೆಂದೂ ವಾದಿಸಿದ. ಸಾವಿರದ ಮುನ್ನೂರು ವರ್ಷಗಳ ಸಾಹಿತ್ಯವನ್ನು ಮೊಮ್ಮಕ್ಕಳು ಓದಲಾರದಂತೆ ಮಾಡುವ ಸುಧಾರಣೆ ಅದೆಂತಹ ಸುಧಾರಣೆ? ತಂತಿಯ ಭಾಷೆಯಂತೆ ಚುಟುಕಾಗಿ ಬರೆಯಬೇಕೆಂದ ಈತನ ಇನ್ನೊಂದು ಮಾತು ಒಪ್ಪತಕ್ಕದ್ದು. ಅದಕ್ಕೆ ಲಿಪಿಯನ್ನು ಬದಲಿಸಬೇಕಾಗಿರಲಿಲ್ಲ ಎಂಬುದಕ್ಕೆ ಈತನ ಅರಬ್ಬೀ ಗದ್ಯವೇ ಸಾಕ್ಷಿ.

ವಿಚಿತ್ರವೆಂದರೆ, ಏಷ್ಯವನ್ನು ತೊರೆಯಿರೆಂದ ಇದೇ ಮನುಷ್ಯ ಕೆಲವೇ ವರ್ಷಗಳಲ್ಲಿ ನಮ್ಮ ಸ್ವದೇಶಿ ಚಳವಳಿಯನ್ನು ಆದರ್ಶವಾಗಿಟ್ಟುಕೊಂಡು ದೇಶೀಯ ಸರಕಿನ ಬಳಕೆಗಾಗಿ ಸಂಘ ಕಟ್ಟಿದ; 1934ರಲ್ಲಿ ಗಾಂಧೀಜಿಯನ್ನೂ ಭಾರತದ ಹೋರಾಟವನ್ನೂ ಕುರಿತು ಪುಸ್ತಕ ಬರೆದ. ಯಂತ್ರವನ್ನು ಆರಾಧಿಸುವವನಿಗೆ ಚರಕದ ಗುರು ಹೇಗೆ ಒಗ್ಗಿದರೋ! ಈ ವಿರೋಧವನ್ನು ಮೂಸಾ ಬಗೆಹರಿಸಲೇ ಇಲ್ಲ. ಬಗೆಹರಿಸಿದ್ದರೆ ಹೆಚ್ಚಿನ ಚಿಂತಕನಾಗುತ್ತಿದ್ದ. ಓದಲು ಇಷ್ಟು ರುಚಿಯಾಗಿರುತ್ತಿದ್ದನೆ ಎಂಬುದು ಸಂದೇಹ.

ತರುಣರ ಕೈಹಿಡಿದುದರಲ್ಲಿ ಮಾತ್ರ ಈತನ ಹಿರಿಮೆ ನಿಸ್ಸಂದೇಹ. ಮುಂದೆ 1988ರಲ್ಲಿ ನೊಬೆಲ್ ಪಡೆದ ನಜೀಬ್ ಮಹಫೂಜನ ಮೊದಲ ಕಾದಂಬರಿಯನ್ನು 1939ರಲ್ಲಿ ಅಚ್ಚುಹಾಕಿದವನು ಮೂಸಾ. 1957ರಲ್ಲಿ ಹೊರಬಂದ ಮಹಫೂಜನ ‘ಅಲ್-ಸುಕ್ಕರಿಯಾ’ ಕಾದಂಬರಿಯಲ್ಲಿ ಅದ್ಲೀ ಕರೀಮನೆಂಬ ಸಂಪಾದಕನಿದ್ದಾನೆ. ಲೇಖನ ಬರೆಯುವ ಹುಮ್ಮಸ್ಸಿನಿಂದ ಬಂದ ಹುಡುಗನಿಗೆ ಆತ ವಿಜ್ಞಾನವನ್ನೂ ಓದೆಂದು ಹೇಳುತ್ತಾನೆ. ಆ ಸಂಪಾದಕ ಯಾರೆಂಬುದು ಕೈರೋದ ಓದುಗರಿಗೆ ಗೊತ್ತಿತ್ತು. ಮರುವರ್ಷ ಆಗಸ್ಟಿನಲ್ಲಿ ಮೂಸಾ ತೀರಿಕೊಂಡ.