ಜಿಲ್ಲಾ ಪುಟದ ರೈತ, ವಾಣಿಜ್ಯ ಪುಟದ ಹತ್ತಿ

ರಾಯಚೂರಿನಿಂದ ಮಂತ್ರಾಲಯದ ದಾರಿ ಹಿಡಿದರೆ ಯರಗೇರಾ ಬರುವ ಮೊದಲೂ ಹತ್ತಿ, ದಾಟಿದ ಮೇಲೂ ಹತ್ತಿ, ನಡುನಡುವೆ ತೊಗರಿ. ಮಳೆಯನ್ನೇ ನಂಬಿದ ಎರೆಭೂಮಿ. ಈ ಹೊಲಗಳ ರೈತನಿಗೆ ಸುದ್ದಿಯಲ್ಲಿ ಮೂರ್ನಾಲ್ಕು ಭಂಗಿಗಳನ್ನಷ್ಟೇ ಕೊಡಲಾಗಿದೆ. ಮಳೆ ಕೈಕೊಟ್ಟರೆ ಬಿರುಕುಬಿಟ್ಟ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಮುಗಿಲು ನೋಡಬೇಕು. ಮಳೆ ಹೆಚ್ಚಾದರೆ ಕೊಳೆತ ಗಿಡ ಕಿತ್ತು ಕ್ಯಾಮೆರಾದ ಮುಂದೆ ಹಿಡಿಯಬೇಕು. ಹೋರಾಟವಿದ್ದರೆ ಹಸಿರು ಶಾಲು ಬೀಸಬೇಕು. ಸತ್ತರೆ ಅವನ ಪಾಸ್‌ಪೋರ್ಟ್ ಅಳತೆಯ ಫೋಟೊ ಅಚ್ಚಾಗುತ್ತದೆ. ಉಳಿದಂತೆ ವರ್ಷವಿಡೀ ಅವನು ಬೀಜ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಕೇಳುತ್ತಾನೆ, ಯಾವ ತಳಿ ಹಾಕಲಿ ಎಂದು ತಲೆ ಕೆಡಿಸಿಕೊಳ್ಳುತ್ತಾನೆ, ಆಳು ಹೊಂದಿಸುತ್ತಾನೆ, ಅಡತಿಯವರೊಂದಿಗೆ ಬೆಲೆಗಾಗಿ ಜಗ್ಗಾಡುತ್ತಾನೆ. ಆ ಹೊತ್ತಿಗೆ ಕ್ಯಾಮೆರಾ ಅತ್ತ ಸುಳಿಯುವುದಿಲ್ಲ.

ಇದನ್ನು ಫೋಟೊ ಆರಿಸುವಾಗ ಆಗುವ ಸಣ್ಣ ದೋಷ ಎಂದು ಬಿಟ್ಟುಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ದೋಷ ಪುಟಗಳ ಹಂಚಿಕೆಯಲ್ಲೇ ಇದೆ. ಕೇಂದ್ರ ಸರ್ಕಾರ 2025 ರ ಆಗಸ್ಟ್ 19 ರಿಂದ ಹತ್ತಿ ಆಮದಿನ ಮೇಲಿದ್ದ ಶೇ 11 ರ ಸುಂಕವನ್ನು ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದಿತು, ಆಮೇಲೆ ಡಿಸೆಂಬರ್ 31 ರವರೆಗೆ ಹಿಗ್ಗಿಸಿತು. ನಮ್ಮ ಸೀಮೆಯ ಹೊಸ ಹತ್ತಿ ಮಾರುಕಟ್ಟೆಗೆ ಬರುವುದೂ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆಯೇ. ಸುದ್ದಿ ವಾಣಿಜ್ಯ ಪುಟದಲ್ಲಿ ಬಂತು; ಜವಳಿ ಗಿರಣಿಗಳವರ ಅಭಿಪ್ರಾಯ, ಅಮೆರಿಕ ಹೇರಿದ ಸುಂಕದ ಚರ್ಚೆ ಅದರ ಜೊತೆಗಿದ್ದವು. ಹತ್ತಿ ಬೆಳೆದವನ ಗೋಳು ಜಿಲ್ಲಾ ಪುಟದಲ್ಲಿ ಪ್ರತ್ಯೇಕವಾಗಿ ಬಂತು. ಎರಡೂ ಒಂದೇ ಸುದ್ದಿ ಎಂದು ಓದುಗನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಕಾರಣವೆಲ್ಲ ಒಂದು ಪುಟಕ್ಕೆ, ಕಣ್ಣೀರೆಲ್ಲ ಇನ್ನೊಂದಕ್ಕೆ ಹೋದಾಗ ರೈತನ ಕಷ್ಟ ಹಣೆಬರಹದಂತೆ ಕಾಣತೊಡಗುತ್ತದೆ.

ಹತ್ತಿ ಖರೀದಿಯನ್ನೇ ಹತ್ತಿರದಿಂದ ನೋಡೋಣ. 2025-26 ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ ₹7,710, ಉದ್ದ ಎಳೆಗೆ ₹8,110 ಬೆಂಬಲ ಬೆಲೆ. ಆದರೆ ಭಾರತೀಯ ಹತ್ತಿ ನಿಗಮ ಪೂರ್ತಿ ಬೆಲೆ ಕೊಡುವುದು ತೇವಾಂಶ ಶೇ 8 ರೊಳಗಿದ್ದರೆ. ಅಲ್ಲಿಂದ 12 ರವರೆಗೆ ಕಡಿತ, ಮೀರಿದರೆ ಮಾಲು ವಾಪಸ್. ಬಿಸಿಲೇರುವ ಮೊದಲೇ ಹತ್ತಿ ಬಿಡಿಸಲು ಹೆಣ್ಣಾಳುಗಳು ಹೊಲಕ್ಕಿಳಿಯುತ್ತಾರೆ, ಆಗ ಕಾಯಿಯ ಮೇಲೆ ಇಬ್ಬನಿ ಇರುತ್ತದೆ. ಒಣಗಿಸೋಣವೆಂದರೆ ಮನೆ ಮುಂದೆ ಜಾಗ ಬೇಕು, ನಾಲ್ಕು ದಿನ ಬೇಕು, ಆ ನಾಲ್ಕು ದಿನ ಸಾಲ ಕೊಟ್ಟವನು ಸುಮ್ಮನಿರಬೇಕು. ಮೂರೂ ಇಲ್ಲದವನು ಖಾಸಗಿಯವರು ಹೇಳಿದ ದರಕ್ಕೆ ಕೊಟ್ಟು ಬರುತ್ತಾನೆ. ಮೀಟರಿನ ಮುಳ್ಳನ್ನು ಹತ್ತಿಯೊಳಗೆ ಚುಚ್ಚಿ ಅಂಕಿ ಓದುವ ಆ ಅರ್ಧ ನಿಮಿಷದಲ್ಲಿ ಒಂದು ಕುಟುಂಬದ ವರ್ಷ ತೀರ್ಮಾನವಾಗುತ್ತದೆ. ಬಿರುಕುಬಿಟ್ಟ ನೆಲದ ಫೋಟೊ ಸಾವಿರ ಬಾರಿ ಬಂದಿದೆ. ತೇವಾಂಶದ ಮೀಟರಿನ ಫೋಟೊ ಎಲ್ಲಿ?

ಹತ್ತಿಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಲೋಪವೊಂದಿದೆ. 1998 ರ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘ ಇದೇ ರಾಯಚೂರು ಜಿಲ್ಲೆಯಲ್ಲಿ ಬೀಜ ಕಂಪನಿ ಮಾನ್ಸಾಂಟೊದ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗ ತಾಕನ್ನು ಕಿತ್ತು ಸುಟ್ಟಿತು. ಆ ಬೆಂಕಿಯ ಸುದ್ದಿ ಜಗತ್ತು ಸುತ್ತಿತು. 2002 ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಸರ್ಕಾರ ಅನುಮತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಈ ಸೀಮೆಯ ಹೊಲಗಳೆಲ್ಲ ಬಿಟಿಯೇ ಆದವು. ಸುಟ್ಟ ನೆಲದವರೇ ಯಾಕೆ ಬಿತ್ತಿದರು? ಎಣ್ಣೆ ಹೊಡೆಯುವ ಖರ್ಚು ಎಷ್ಟು ಇಳಿಯಿತು, ಬೀಜದ ಖರ್ಚು ಎಷ್ಟು ಏರಿತು, ಗುಲಾಬಿ ಕಾಯಿಕೊರಕ ಬಿಟಿಗೂ ಬಗ್ಗದೆ ಹೋದಾಗ ಏನು ಮಾಡಿದರು? ಇದನ್ನೆಲ್ಲ ಅವರವರ ಬಾಯಿಂದಲೇ ಕೇಳಿ ಬರೆದದ್ದು ತೀರ ಕಡಿಮೆ. ಮಾಧ್ಯಮಕ್ಕೆ ಗೊತ್ತಿದ್ದದ್ದು ಇಬ್ಬರೇ: ಕಂಪನಿಗೆ ಬೆಂಕಿ ಇಟ್ಟ ವೀರ, ಕಂಪನಿಯ ಮಾತಿಗೆ ಮರುಳಾದ ಮುಗ್ಧ. ಕೈಯಲ್ಲಿರುವ ನಾಲ್ಕು ಕೆಟ್ಟ ದಾರಿಗಳಲ್ಲಿ ಕಡಿಮೆ ಕೆಟ್ಟದ್ದನ್ನು ಅಳೆದು ತೂಗಿ ಆರಿಸಿಕೊಂಡ ಬುದ್ಧಿವಂತ ಮನುಷ್ಯ ಈ ಎರಡು ಚಿತ್ರಗಳಲ್ಲೂ ಇಲ್ಲ.

ಮಾಧ್ಯಮದ ಈ ಚಿತ್ರಗಳಲ್ಲಿ ಹೆಂಗಸರೂ ಇಲ್ಲ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಭತ್ತದ ಸಸಿ ನಾಟಿ ಮಾಡುವುದು, ಮೆಣಸಿನಕಾಯಿ ಹರಿಯುವುದು, ಯರಗೇರಾದಿಂದ ದೇವದುರ್ಗದವರೆಗೆ ಇವೆಲ್ಲ ಬಹುಪಾಲು ಹೆಣ್ಣುಮಕ್ಕಳ ದುಡಿಮೆ. ಟಂಟಂನಲ್ಲಿ ಒತ್ತೊತ್ತಾಗಿ ಕೂತು ಹೊಲಕ್ಕೆ ಹೋಗುವ ಇವರು ಪತ್ರಿಕೆಗೆ ಬರುವುದು ಆ ವಾಹನ ಪಲ್ಟಿಯಾದ ದಿನ. ಆಗಲೂ ಅವರು ಕೂಲಿ ಕಾರ್ಮಿಕರು, ರೈತರಲ್ಲ. ಆದರೆ ರೈತನ ಮನೆ ಬೇರೆ, ಕೂಲಿಯ ಮನೆ ಬೇರೆ ಎಂಬುದೇ ಸುಳ್ಳು. ರಾಷ್ಟ್ರೀಯ ಮಾದರಿ ಸಮೀಕ್ಷೆ 2018-19 ರಲ್ಲಿ ದೇಶದ ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ ₹10,218 ಎಂದು ಲೆಕ್ಕ ಹಾಕಿತು. ಅದರಲ್ಲಿ ಕೂಲಿ ಮತ್ತು ಸಂಬಳದ ಪಾಲು ₹4,063, ಬೆಳೆಯಿಂದ ಬಂದದ್ದು ₹3,798. ತನ್ನ ಹೊಲಕ್ಕಿಂತ ಹೆಚ್ಚನ್ನು ಪರರ ಕೆಲಸದಿಂದ ಗಳಿಸುವ ಕುಟುಂಬವೇ ಇಂದಿನ ರೈತ ಕುಟುಂಬ. ರುಮಾಲು ಸುತ್ತಿ ಎತ್ತಿನ ಪಕ್ಕ ನಿಂತ ಗಂಡಸಿನ ಚಿತ್ರಕ್ಕೆ ಈ ಸಂಗತಿ ಹಿಡಿಸುವುದಿಲ್ಲ.

ಮಾನ್ವಿ ಕಡೆ ಹೋದರೆ ಇನ್ನೊಬ್ಬನೂ ಕಾಣೆಯಾಗಿದ್ದಾನೆ: ಲೀಜಿಗೆ ಹೊಲ ಹಿಡಿದವನು. 1974 ರ ಭೂಸುಧಾರಣೆಯ ನಂತರ ರಾಜ್ಯದಲ್ಲಿ ಗೇಣಿಗೆ ಕಾನೂನಿನ ಒಪ್ಪಿಗೆಯಿಲ್ಲ, ಆದರೆ ಕಾಲುವೆ ಪ್ರದೇಶದಲ್ಲಿ ಅದು ಬಾಯಿಮಾತಿನ ಮೇಲೆ ನಡೆದೇ ಇದೆ. ಪಹಣಿ ಒಬ್ಬರ ಹೆಸರಲ್ಲಿ, ಬೆವರು ಮತ್ತು ಸಾಲ ಇನ್ನೊಬ್ಬರ ಹೆಸರಲ್ಲಿ. ಬೆಳೆ ಹೋದರೆ ಪರಿಹಾರ ಪಹಣಿಯವರ ಖಾತೆಗೆ ಬೀಳುತ್ತದೆ. ‘ರೈತರಿಗೆ ಪರಿಹಾರ ಜಮಾ’ ಎಂಬ ತಲೆಬರಹ ಬರೆದವರು ಯಾವ ರೈತರಿಗೆ ಎಂದು ಒಂದು ಸಾಲು ಹೆಚ್ಚು ಕೇಳಿದ್ದರೆ ಸಾಕಿತ್ತು.

ಈ ಅಚ್ಚು ಮೂಡಿದ್ದು ಸುದ್ದಿಮನೆಯಲ್ಲಿ ಮಾತ್ರವಲ್ಲ. ಸಿದ್ಧಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ 1972 ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಒಕ್ಕಲುತನಕ್ಕೆ ಆ ಚಿತ್ರ ತಂದುಕೊಟ್ಟ ಮರ್ಯಾದೆ ದೊಡ್ಡದು, ಅದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೂ ಅದರ ಕಥೆಯ ಕಟ್ಟನ್ನು ಗಮನಿಸಬೇಕು. ರಾಜಕುಮಾರ್ ಅಭಿನಯದ ರಾಜೀವ ಹೊರಗಿನಿಂದ ಹಳ್ಳಿಗೆ ಬಂದ ಓದಿದ ತರುಣ. ಕಲ್ಲು ನೆಲ ಅವನ ಛಲಕ್ಕೆ ಮಣಿಯುತ್ತದೆ. ಕೊನೆಗೆ ಅವನನ್ನು ಸೋಲಿಸುವುದು ಮನೆಯವರ ಕೃತಘ್ನತೆ, ಬೆಲೆ ಕುಸಿತವಲ್ಲ. ಮನಸ್ಸಿದ್ದರೆ ಭೂಮಿ ಬಂಗಾರವಾಗುತ್ತದೆ ಎಂಬ ನಂಬಿಕೆಯ ಬೆನ್ನಿಗೇ, ಬಂಗಾರವಾಗದಿದ್ದರೆ ತಪ್ಪು ರೈತನದೇ ಎಂಬ ತೀರ್ಪೂ ಬರುತ್ತದೆ. ‘ಒಂದೇ ಎಕರೆಯಲ್ಲಿ ಲಕ್ಷ ಲಕ್ಷ’ ಎನ್ನುವ ಇಂದಿನ ಯೂಟ್ಯೂಬ್ ವಿಡಿಯೊಗಳು ಆ ತೀರ್ಪಿನ ಮರಿಗಳು. ಅವು ಬಂದ ಹಣ ಹೇಳುತ್ತವೆ. ಕೊಳವೆಬಾವಿಗೆ ಹೋದದ್ದು, ಮನೆಮಂದಿಯ ದುಡಿಮೆ, ಮುಂದಿನ ವರ್ಷ ಅದೇ ಬೆಳೆಗೆ ಸಿಕ್ಕ ಬೆಲೆ ಯಾವುದನ್ನೂ ಹೇಳುವುದಿಲ್ಲ. ಇವಕ್ಕಿಂತ ಶಿವರಾಮ ಕಾರಂತರ ‘ಚೋಮನ ದುಡಿ’ ಎಷ್ಟೋ ಪ್ರಾಮಾಣಿಕ. ಬಿ.ವಿ. ಕಾರಂತರು 1975 ರಲ್ಲಿ ತೆರೆಗೆ ತಂದ ಆ ಕಥೆಯ ಚೋಮನಿಗೆ ಛಲವೂ ಇದೆ, ಎತ್ತೂ ಇದೆ. ಜಾತಿಯ ಕಾರಣಕ್ಕೆ ಭೂಮಿ ಸಿಗುವುದಿಲ್ಲ. ಬೇಸಾಯದ ಕಷ್ಟಕ್ಕೆ ಮೊದಲ ಕಾರಣ ಎಲ್ಲಿದೆ ಎಂದು ಆ ಕೃತಿಗೆ ಗೊತ್ತಿತ್ತು.

ತೆರೆಯ ಮೇಲಿನ ರೈತನ ವೇಷ ನಗರದ ಬಾಗಿಲಲ್ಲೂ ಕೆಲಸ ಮಾಡುತ್ತದೆ. 2022 ರ ಜನವರಿಯಲ್ಲಿ ತುಮಕೂರಿನ ವಾಹನ ಮಳಿಗೆಯೊಂದರಲ್ಲಿ ರೈತನ ಉಡುಪು ನೋಡಿ ಹೀಯಾಳಿಸಿದ ಪ್ರಕರಣ, 2024 ರ ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೊದಲ್ಲಿ ಉಡುಪಿನ ಕಾರಣಕ್ಕೆ ರೈತರೊಬ್ಬರನ್ನು, ಅದೇ ವರ್ಷದ ಜುಲೈನಲ್ಲಿ ಮಾಲ್‌ನಲ್ಲಿ ಪಂಚೆ ಉಟ್ಟ ಹಿರಿಯರನ್ನು ತಡೆದ ಪ್ರಕರಣ ನಾಡಿಗೆಲ್ಲ ಗೊತ್ತು. ವಾಹಿನಿಗಳು ಅವರ ಪರ ನಿಂತದ್ದು ಒಳ್ಳೆಯದೇ. ಆದರೆ ತುಮಕೂರಿನ ಸುದ್ದಿ ಗೆದ್ದದ್ದು ಆ ರೈತ ಒಂದು ಗಂಟೆಯೊಳಗೆ ₹10 ಲಕ್ಷ ತಂದು ತೋರಿಸಿದರೆಂಬ ಕಾರಣಕ್ಕೆ. ದುಡ್ಡು ತರಲಾಗದ ರೈತನಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಬಾಗಿಲ ಕಾವಲುಗಾರನಿಗೆ ರೈತನ ಗುರುತು ಕಲಿಸಿದ ಚಿತ್ರಗಳಲ್ಲಿ ನಮ್ಮ ಪುಟಗಳ ಪಾಲೂ ಇದೆ.

ಸಾವಿನ ವರದಿಯ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು. ಸಾಲಬಾಧೆ ತಾಳಲಾರದೆ ಎಂದು ಶುರುವಾಗುವ ಆ ವಾಕ್ಯ ಎಷ್ಟೋ ವರ್ಷಗಳಿಂದ ಬದಲಾಗಿಲ್ಲ. ಅದರಲ್ಲಿ ಸಾಲ ಇದೆ. ಕೊಟ್ಟವರು, ಬಡ್ಡಿ, ಬೆಳೆ, ಸಿಕ್ಕ ಬೆಲೆ ಇಲ್ಲ. ಬದಲಿಗೆ ಸಾವಿನ ವಿಧಾನದ ವಿವರ ಇರುತ್ತದೆ. ಅದನ್ನು ಕೊಡಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019 ರಲ್ಲೇ ಸೂಚಿಸಿದೆ. ವರದಿ ಅಂತ್ಯಸಂಸ್ಕಾರಕ್ಕೆ ಮುಗಿಯುತ್ತದೆ. ರಾಜ್ಯ ಕೊಡುವ ₹5 ಲಕ್ಷದ ಪರಿಹಾರಕ್ಕಾಗಿ ಆ ಮನೆಯ ಹೆಣ್ಣುಮಗಳು ಪಹಣಿ, ಸಾಲದ ಪತ್ರ ಹಿಡಿದು ಕಚೇರಿ ಅಲೆಯುವುದು ಆಮೇಲೆ ಶುರುವಾಗುತ್ತದೆ. ಆಗ ಅವಳನ್ನು ಮಾತನಾಡಿಸಲು ಯಾರೂ ಬರುವುದಿಲ್ಲ.

ಕೆಲಸ ಚೆನ್ನಾಗಿ ನಡೆದದ್ದೂ ಉಂಟು. ತುಂಗಭದ್ರಾ ಎಡದಂಡೆ ಕಾಲುವೆಯ ಇಂಥ ಮೈಲಿನಲ್ಲಿ ಗೇಜ್ ಎಷ್ಟಿದೆ, ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತಿ ಮಾನ್ವಿ, ಸಿರವಾರ, ರಾಯಚೂರಿನ ಕೆಳಭಾಗಕ್ಕೆ ಎಷ್ಟು ಉಳಿಯಿತು ಎಂದು ಬರೆಯುವ ಸ್ಥಳೀಯ ವರದಿಗಾರರು ಇದ್ದಾರೆ. 2024 ರ ಆಗಸ್ಟ್ 10 ರಂದು ಜಲಾಶಯದ 19 ನೇ ಗೇಟ್ ಕೊಚ್ಚಿಹೋದಾಗ ಬಂದ ಕ್ಯಾಮೆರಾಗಳೆಲ್ಲ ಒಂದು ವಾರದಲ್ಲಿ ಹಿಂತಿರುಗಿದವು. ಗೇಜಿನ ಸುದ್ದಿ ಬರೆಯುವವರು ಹಂಗಾಮು ಮುಗಿಯುವವರೆಗೆ ಇಲ್ಲೇ ಇರುತ್ತಾರೆ. ಫೋಟೊ ಇಲ್ಲದ ಆ ಎರಡು ಕಾಲಮ್‌ನ ಸುದ್ದಿಯನ್ನು ನಾನು ಈ ಜಿಲ್ಲೆಯ ಅತ್ಯುತ್ತಮ ಪತ್ರಿಕೋದ್ಯಮ ಎನ್ನುತ್ತೇನೆ. ಪುತ್ತೂರಿನಲ್ಲಿ 1988 ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಬೆಳೆಗಾರರ ಕೈಗೇ ಲೇಖನಿ ಕೊಟ್ಟು, ಅವರು ಎಷ್ಟು ಖಚಿತವಾಗಿ ಬರೆಯಬಲ್ಲರು ಎಂದು ತೋರಿಸಿತು. ಕೃಷಿ ಕಾಯ್ದೆಗಳ ವಿರುದ್ಧ ದೆಹಲಿಯ ಗಡಿಯಲ್ಲಿ ಧರಣಿ ಕೂತ ರೈತರು 2020 ರ ಡಿಸೆಂಬರ್‌ನಲ್ಲಿ ‘ಟ್ರಾಲಿ ಟೈಮ್ಸ್’ ಎಂಬ ತಮ್ಮದೇ ಪತ್ರಿಕೆ ತಂದರು. ತಮ್ಮ ಬಗ್ಗೆ ವಾಹಿನಿಗಳು ಹೇಳುತ್ತಿದ್ದದ್ದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಅಡಿಕೆಗೆ ಆದದ್ದು ಹತ್ತಿಗೆ, ತೊಗರಿಗೆ ಇನ್ನೂ ಆಗಿಲ್ಲ. ನಮ್ಮಲ್ಲಿ ಅದರ ಅಗತ್ಯ ಹೆಚ್ಚು.

ಆದ್ದರಿಂದ ಜಿಲ್ಲೆಯ ಸಂಪಾದಕರಲ್ಲಿ, ವರದಿಗಾರರಲ್ಲಿ ನನ್ನ ಕೋರಿಕೆ ಇಷ್ಟು. ಹತ್ತಿಯ ದರದ ಪಕ್ಕದಲ್ಲೇ ತೇವಾಂಶಕ್ಕೆ ಎಷ್ಟು ಕಡಿತವಾಯಿತು ಎಂದು ಅಚ್ಚು ಹಾಕಿ. ಆಮದು ಸುಂಕದ ಸುದ್ದಿ ಬಂದ ದಿನ ಎಪಿಎಂಸಿಗೆ ಹೋಗಿ ಬನ್ನಿ. ಬೆಳೆಹಾನಿ ಬರೆಯುವಾಗ ಹೊಲ ಯಾರದು, ಬಿತ್ತಿದವರು ಯಾರು ಎಂದು ಎರಡನ್ನೂ ಕೇಳಿ. ಹತ್ತಿ ಬಿಡಿಸುವ ಹೆಣ್ಣುಮಗಳ ಮಾತನ್ನು ಅವಳ ಹೆಸರಿನ ಸಮೇತ ಹಾಕಿ. ರಾಯಚೂರಿನಲ್ಲಿ 2009 ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಯರಗೇರಾದಲ್ಲೂ ಒಂದು ವಿಶ್ವವಿದ್ಯಾಲಯವಿದೆ. ಎರಡೂ ಕಡೆ ಈ ಹೊಲಗಳವರ ಮಕ್ಕಳು ಓದುತ್ತಿದ್ದಾರೆ. ಅವರಿಗೆ ವಾರಕ್ಕೊಂದು ಅಂಕಣ ಕೊಡಿ, ಬರೆದದ್ದಕ್ಕೆ ಸಂಭಾವನೆಯನ್ನೂ ಕೊಡಿ. ಅಕ್ಟೋಬರ್‌ನಲ್ಲಿ ಹೊಸ ಹತ್ತಿ ಬರುತ್ತದೆ, ಅಷ್ಟರೊಳಗೆ ಶುರು ಮಾಡಬಹುದು.